17 ಕ್ಲಬ್, 14 ಜಾಗ: ಗಾಲ್ಫ್ ಬ್ಯಾಗಿನಿಂದ ಯಾವ ಮೂರನ್ನು ತೆಗೆಯಬೇಕು?

ಪ್ರಶ್ನೆ: ನಮಸ್ಕಾರ. ನಾನು ಮೊಬೈಲಿನಲ್ಲಿ ವರ್ಲ್ಡ್ ಗಾಲ್ಫ್ ಟೂರ್ ಎಂಬ ಆಟ ಆಡುತ್ತೇನೆ. ನಿಜವಾದ ಗಾಲ್ಫ್ ಮೈದಾನಕ್ಕೆ ಇದುವರೆಗೂ ಕಾಲಿಟ್ಟವನಲ್ಲ. ಲೆವೆಲ್ ಏರಿದ ಹಾಗೆ ಒಂದೊಂದೇ ಕ್ಲಬ್ (ಚೆಂಡು ಹೊಡೆಯುವ ಕೋಲು) ಕೊಂಡು ಈಗ 17 ಆಗಿವೆ, ಬ್ಯಾಗಿನಲ್ಲಿ ಹಿಡಿಸುವುದು 14 ಮಾತ್ರ. ನನ್ನ ಹತ್ತಿರ ಇರುವುದು, ಪೂರ್ತಿ ಹೊಡೆದರೆ ಹೋಗುವ ದೂರದ ಸಮೇತ: ಡ್ರೈವರ್ 240 ಗಜ, 3-ವುಡ್ 215, 5-ವುಡ್ 205, 3-ಹೈಬ್ರಿಡ್ 200, 4-ಹೈಬ್ರಿಡ್ 190. 3ರಿಂದ 9ರವರೆಗಿನ ಐರನ್‌ಗಳು 200ರಿಂದ 140ಕ್ಕೆ ಹತ್ತತ್ತು ಗಜದಂತೆ ಇಳಿಯುತ್ತವೆ. ಪಿಚಿಂಗ್ ವೆಜ್ 125, ಉಳಿದ ಮೂರು ವೆಜ್ 100, 80, 60. ಕೊನೆಗೆ ಚೆಂಡನ್ನು ಕುಳಿಗೆ ಉರುಳಿಸುವ ಪಟರ್. ಯಾವ ಮೂರನ್ನು ಬಿಡಲಿ? ಇನ್ನೂ ಉದ್ದ ಹೋಗುವ ಒಂದು ಡ್ರೈವರ್‌ಗೆ ಆಗುವಷ್ಟು ಕ್ರೆಡಿಟ್ ಕೂಡಿಟ್ಟಿದ್ದೇನೆ, ಕೊಳ್ಳಬಹುದೇ? ಮುಂದಿನ ವಾರ ಗೆಳೆಯರ ಜೊತೆ ಆಟದೊಳಗೇ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಪಂದ್ಯ ಇಟ್ಟುಕೊಂಡಿದ್ದೇವೆ. ಅಲ್ಲಿಗೂ ಇದೇ ಬ್ಯಾಗ್ ನಡೆಯುತ್ತದೆಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 5-ವುಡ್, 3-ಐರನ್, 4-ಐರನ್ ಹೊರಗಿಡಿ. ಹೊಸ ಡ್ರೈವರ್ ಸದ್ಯಕ್ಕೆ ಬೇಡ. ಸೇಂಟ್ ಆಂಡ್ರೂಸ್‌ಗೆ ಒಂದೇ ಒಂದು ಬದಲಾವಣೆ ಮಾಡಿಕೊಂಡರೆ ಒಳ್ಳೆಯದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಈ ಉತ್ತರ ಇವತ್ತಿನ 17 ಕ್ಲಬ್‌ಗಳಿಗೆ ಮಾತ್ರ. ನಾಳೆ ನೀವು 18ನೆಯದನ್ನು ಕೊಂಡಾಗ ಮತ್ತೆ ಇದೇ ಪ್ರಶ್ನೆ ಏಳುತ್ತದೆ. ಹಾಗಾಗಿ ಈ ಮೂರನ್ನೇ ಏಕೆ ಆರಿಸಿದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

14ರ ಮಿತಿ ಆಟ ತಯಾರಿಸಿದವರು ತಾವಾಗಿ ಹಾಕಿದ್ದಲ್ಲ, ನಿಜವಾದ ಗಾಲ್ಫ್ ನಿಯಮವೇ ಅದು. ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು 20ಕ್ಕೂ ಹೆಚ್ಚು ಕ್ಲಬ್ ಹೊರಿಸಿಕೊಂಡು ಹೋಗುವ ಆಟಗಾರರಿದ್ದರು. ಇವತ್ತು 15ನೆಯದು ಸಿಕ್ಕಿಬಿದ್ದರೆ ದಂಡ ಖಚಿತ. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಬರ್ಡಿ ಹೊಡೆದು (ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಎರಡನೆಯದಕ್ಕೆ ಬಂದಾಗ ಬ್ಯಾಗಿನಲ್ಲಿ ಎರಡು ಡ್ರೈವರ್ ಇರುವುದು ಗೊತ್ತಾಯಿತು. ಒಟ್ಟು 15. ಎರಡು ಹೊಡೆತದ ದಂಡ ಬಿತ್ತು. ನಿಮ್ಮ ಆಟದಲ್ಲಿ ಆ ಭಯವಿಲ್ಲ, 15ನೆಯದನ್ನು ಬ್ಯಾಗ್ ಒಳಗೇ ಬಿಡುವುದಿಲ್ಲ. ಆದರೆ ತಪ್ಪಾದ 14 ಆರಿಸಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೋಲ್ ಹೋಲ್‌ಗೆ ಅರ್ಧರ್ಧ ಹೊಡೆತ ಸದ್ದಿಲ್ಲದೆ ಸೋರಿಹೋಗುತ್ತಿರುತ್ತದೆ.

ಈ ಆರಿಸುವ ವಿದ್ಯೆಗೆ ನನಗೆ ತುಂಬ ಇಷ್ಟವಾದ ಉದಾಹರಣೆ ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ ಅವರದು. 1949ರಲ್ಲಿ ಬಸ್ಸೊಂದು ಅವರ ಕಾರಿಗೆ ಡಿಕ್ಕಿ ಹೊಡೆದು ಮೂಳೆಗಳು ಮುರಿದಿದ್ದವು. ಮತ್ತೆ ನಡೆಯುವುದೇ ಅನುಮಾನ ಎನ್ನುತ್ತಿದ್ದ ಕಾಲ. ಮರುವರ್ಷ, 1950ರಲ್ಲಿ, ಫಿಲಡೆಲ್ಫಿಯಾ ಹತ್ತಿರದ ಮೆರಿಯನ್ ಮೈದಾನದಲ್ಲಿ ಅವರು ಅಮೆರಿಕನ್ ಓಪನ್ ಗೆದ್ದರು. ಆ ಸ್ಪರ್ಧೆಗೆ ಬ್ಯಾಗಿನಿಂದ 7-ಐರನ್ ತೆಗೆದು 1-ಐರನ್ ಹಾಕಿಕೊಂಡಿದ್ದರು. 7-ಐರನ್ ಕೆಟ್ಟ ಕ್ಲಬ್ ಎಂದಲ್ಲ. ಮೆರಿಯನ್‌ನಲ್ಲಿ ತಮಗೆ 7-ಐರನ್ ದೂರ ಉಳಿಯುವುದೇ ಇಲ್ಲ ಎಂಬುದು ಅವರ ಲೆಕ್ಕ. ಕೊನೆಯ ದಿನ 18ನೇ ಹೋಲ್‌ನಲ್ಲಿ ಅದೇ 1-ಐರನ್‌ನಿಂದ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟಿ ಪಾರ್ ಮಾಡಿ, ಅಂದರೆ ನಿಗದಿತ ಹೊಡೆತಗಳಲ್ಲೇ ಮುಗಿಸಿ, ಮರುದಿನದ ಪ್ಲೇ-ಆಫ್‌ಗೆ ಉಳಿದುಕೊಂಡರು. ಕ್ಲಬ್ ಎಷ್ಟು ಚೆನ್ನಾಗಿದೆ ಎಂದು ಅವರು ಕೇಳಿಕೊಳ್ಳಲಿಲ್ಲ. ಇದು ಮಾಡುವ ಕೆಲಸವನ್ನು ಪಕ್ಕದ ಕ್ಲಬ್ ಮಾಡಲಾರದೇ ಎಂದು ಕೇಳಿಕೊಂಡರು. ನೀವೂ ಪ್ರತಿ ಕ್ಲಬ್ಬಿಗೂ ಇದೇ ಪ್ರಶ್ನೆ ಹಾಕಬೇಕು.

ಈಗ ಹೊಡೆತದ ಬಲ ಅಳೆಯುವ ನಿಮ್ಮ ಆಟದ ಮೀಟರ್‌ಗೆ ಬರೋಣ. ಹೆಚ್ಚಿನವರು ಲೆಕ್ಕ ತಪ್ಪುವುದು ಇಲ್ಲಿಯೇ.

ಕ್ಲಬ್ ಯಾವುದಾದರೂ ಪರದೆಯ ಮೇಲಿನ ಮೀಟರ್ ಉದ್ದ ಒಂದೇ. 240 ಗಜದ ಡ್ರೈವರ್ ಹಿಡಿದರೂ 60 ಗಜದ ವೆಜ್ ಹಿಡಿದರೂ ಅದೇ ಪಟ್ಟಿ ತುಂಬುತ್ತದೆ. ಅಂದರೆ ಮೀಟರ್‌ನ ನೂರರಲ್ಲಿ ಒಂದು ಪಾಲು ಡ್ರೈವರ್‌ನಲ್ಲಿ 2.4 ಗಜ, ಸಣ್ಣ ವೆಜ್‌ನಲ್ಲಿ 0.6 ಗಜ, ಎರಡಡಿಗೂ ಕಡಿಮೆ. ಬೆರಳು ಎಲ್ಲರದ್ದೂ ಸ್ವಲ್ಪ ಆಚೀಚೆ ಆಗುತ್ತದೆ. ಶೇ. 2 ತಪ್ಪುತ್ತದೆ ಎಂದೇ ಇಟ್ಟುಕೊಳ್ಳೋಣ.

180 ಗಜ ಹೊಡೆಯಬೇಕಾಗಿದೆ. ನಿಮ್ಮ 180ರ 5-ಐರನ್‌ನಿಂದ ಪೂರ್ತಿ ಹೊಡೆದರೆ ಆ ಶೇ. 2ರ ತಪ್ಪು 3.6 ಗಜ. ಅದೇ ಹೊಡೆತವನ್ನು 200ರ ಹೈಬ್ರಿಡ್‌ನಲ್ಲಿ ಶೇ. 90ಕ್ಕೆ ನಿಲ್ಲಿಸಿ ಹೊಡೆದರೆ ತಪ್ಪು 4 ಗಜ. ವ್ಯತ್ಯಾಸ ಅರ್ಧ ಗಜವೂ ಇಲ್ಲ. ಈಗ 60 ಗಜದ ಹೊಡೆತ ನೋಡಿ. 125ರ ಪಿಚಿಂಗ್ ವೆಜ್ ಅನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಅದೇ ಶೇ. 2ರ ತಪ್ಪು 2.5 ಗಜ, ಅಂದರೆ ಏಳೂವರೆ ಅಡಿ. 60ರ ವೆಜ್‌ನಲ್ಲಿ ಪೂರ್ತಿ ಹೊಡೆದರೆ 1.2 ಗಜ, ಮೂರೂವರೆ ಅಡಿ ಚಿಲ್ಲರೆ. ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಮೂರೂವರೆ ಅಡಿಯ ಪಟ್ (ಪಟರ್ ಹೊಡೆತ) ನೀವು ಹಾಕಿಯೇ ಹಾಕುತ್ತೀರಿ. ಏಳೂವರೆ ಅಡಿಯದ್ದು, ಅದೂ ಗ್ರೀನ್ ವೇಗ ಜಾಸ್ತಿ ಇರುವ ಕಡೆ, ಒಮ್ಮೆ ಹೋದರೆ ಒಮ್ಮೆ ಇಲ್ಲ. ಜೊತೆಗೆ ಅರೆಬರೆ ಬಲದ ಹೊಡೆತದಲ್ಲಿ ಸ್ಪಿನ್ ಕಡಿಮೆ, ಚೆಂಡು ಬಿದ್ದ ಮೇಲೆ ಉರುಳುತ್ತದೆ. ಪೂರ್ತಿ ಹೊಡೆತ ಬಿದ್ದಲ್ಲೇ ಹಿಡಿದು ನಿಲ್ಲುತ್ತದೆ.

ಉದ್ದದ ಕ್ಲಬ್‌ಗಳನ್ನು ಒತ್ತೊತ್ತಾಗಿ ತುಂಬಿಕೊಂಡರೆ ಸಿಗುವ ಲಾಭ ತೀರಾ ಸಣ್ಣದು, ಚಿಕ್ಕ ಕ್ಲಬ್‌ಗಳನ್ನು ಒತ್ತೊತ್ತಾಗಿ ಇಟ್ಟುಕೊಂಡರೆ ಸಿಗುವುದು ನಿಜವಾದ ಹೊಡೆತಗಳ ಉಳಿತಾಯ. ಬ್ಯಾಗಿನ ಮೇಲ್ಭಾಗ ವಿರಳವಾಗಿರಲಿ, ಕೆಳಭಾಗ ದಟ್ಟವಾಗಿರಲಿ. ಆದರೆ ಬಹಳ ಜನರ ಬ್ಯಾಗ್ ತೆರೆದು ನೋಡಿದರೆ ಇದು ಪೂರ್ತಿ ತಲೆಕೆಳಗಾಗಿರುತ್ತದೆ. ನಿಮ್ಮದನ್ನೇ ನೋಡಿ. 190ರಿಂದ 215ರ ಒಳಗೆ ಆರು ಕ್ಲಬ್ ಕೂತಿವೆ: 215, 205, ಎರಡೆರಡು 200, ಎರಡೆರಡು 190. 60ರಿಂದ 125ರವರೆಗಿನ 65 ಗಜಕ್ಕೆ ಇರುವುದು ನಾಲ್ಕೇ. ಅಂಗಡಿಯಲ್ಲಿ ಉದ್ದದ ಕ್ಲಬ್ ಕಣ್ಣಿಗೆ ಬೀಳುತ್ತದೆ, ಟೇಲರ್‌ಮೇಡ್, ಪಿಂಗ್, ಕ್ಯಾಲವೇ ಎಂಬ ಹೆಸರಿನ ಪಕ್ಕ ದೊಡ್ಡ ಅಂಕಿ ಕಂಡರೆ ಕೈ ಹೋಗುತ್ತದೆ. ಅದು ಸಹಜ.

ಈ ಆರರಲ್ಲಿ ಮೂರು ಹೋಗಬೇಕು. 200ರ ಜಾಗಕ್ಕೆ 3-ಐರನ್ ಮತ್ತು 3-ಹೈಬ್ರಿಡ್, 190ರ ಜಾಗಕ್ಕೆ 4-ಐರನ್ ಮತ್ತು 4-ಹೈಬ್ರಿಡ್ ಪೈಪೋಟಿಗೆ ನಿಂತಿವೆ. ಎರಡೂ ಕಡೆ ನಾನು ಹೈಬ್ರಿಡ್ ಉಳಿಸಿಕೊಳ್ಳುತ್ತೇನೆ. ಹೈಬ್ರಿಡ್‌ನಲ್ಲಿ ಹೊಡೆದ ಚೆಂಡು ಅದೇ ದೂರದ ಉದ್ದ ಐರನ್‌ಗಿಂತ ಎತ್ತರಕ್ಕೆ ಏರಿ ಇಳಿಯುತ್ತದೆ, ಗ್ರೀನ್ ಮೇಲೆ ನಿಲ್ಲುವ ಸಾಧ್ಯತೆ ಹೆಚ್ಚು. ಉದ್ದ ಐರನ್‌ನ ತಗ್ಗು ಹೊಡೆತ ಎದುರುಗಾಳಿಯಲ್ಲಿ ಉಪಯೋಗಕ್ಕೆ ಬರುತ್ತದೆ ಎನ್ನುವವರಿದ್ದಾರೆ, ಆ ಮಾತು ಸರಿಯೇ. ಆದರೆ ಪಂಚ್ ಶಾಟ್ ಆರಿಸಿದರೆ ಉಳಿದ ಐರನ್‌ಗಳಲ್ಲೂ ಚೆಂಡನ್ನು ತಗ್ಗಿನಲ್ಲಿ ಕಳಿಸಬಹುದು. ಅದೊಂದೇ ಕಾರಣಕ್ಕೆ ಒಂದು ಜಾಗ ಕೊಡಲಾಗದು. ಆರಿಸುವ ಮುನ್ನ ಎರಡರ ಅಂಕಿಗಳನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ಪ್ರಿಸಿಷನ್ ಎಂಬುದು ನೀವು ಸರಿಯಾಗಿ ಡಿಂಗ್ ಮಾಡಿದಾಗ, ಅಂದರೆ ಮೀಟರ್ ಸರಿಯಾದ ಗೆರೆ ಮುಟ್ಟಿದ ಕ್ಷಣಕ್ಕೇ ಹೊಡೆದಾಗ, ಚೆಂಡು ಗುರಿಗೆ ಎಷ್ಟು ಹತ್ತಿರ ಹೋಗುತ್ತದೆ ಎಂಬುದರ ಲೆಕ್ಕ. ಫರ್ಗಿವ್‌ನೆಸ್ ಎಂಬುದು ಡಿಂಗ್ ತಪ್ಪಿದಾಗ ಎಷ್ಟು ಕಡಿಮೆ ಹಾಳಾಗುತ್ತದೆ ಎಂಬುದರ ಲೆಕ್ಕ. ಡಿಂಗ್ ಇನ್ನೂ ಆಗಾಗ ತಪ್ಪುತ್ತಿದ್ದರೆ ಎರಡನೆಯದಕ್ಕೆ ಬೆಲೆ ಕೊಡಿ. ಕೈ ಕೂತ ಮೇಲೆ ಮೊದಲನೆಯದಕ್ಕೆ.

ಮೂರನೆಯದು 5-ವುಡ್. ಅದಕ್ಕೂ 3-ಹೈಬ್ರಿಡ್‌ಗೂ ಅಂತರ 5 ಗಜ. ಉಳಿದಿರುವ 3-ವುಡ್‌ಗೂ ಡ್ರೈವರ್‌ಗೂ 25 ಗಜ. 3-ವುಡ್ ತೆಗೆದು 5-ವುಡ್ ಇಟ್ಟರೆ ಮೇಲಿನ ಅಂತರ 35 ಆಗುತ್ತದೆ, ಆದ್ದರಿಂದ 3-ವುಡ್ ಇರಲಿ.

ಹೀಗೆ ಮೂರು ತೆಗೆದ ಮೇಲೆ ಉಳಿಯುವುದು: 240, 215, 200, 190, 180, 170, 160, 150, 140, 125, 100, 80, 60, ಪಟರ್. ಸರಿಯಾಗಿ 14. ಈ ಬ್ಯಾಗ್ ಎಲ್ಲ ಕಡೆಗೂ ನಡೆಯುತ್ತದೆ.

ರಫ್ (ಎತ್ತರದ ಹುಲ್ಲು) ಮತ್ತು ಬಂಕರ್ (ಮರಳ ಗುಂಡಿ) ವಿಷಯ ಇಲ್ಲಿ ಹೇಳಲೇಬೇಕು, ಏಕೆಂದರೆ ಹುಲ್ಲು ಚೊಕ್ಕವಾಗಿ ಕತ್ತರಿಸಿದ ದಾರಿಯಾದ ಫೇರ್‌ವೇಯಿಂದ ಆಡುವಾಗ ಸರಿ ಕಂಡ ಬ್ಯಾಗ್ ಹುಲ್ಲಿಗೆ ಬಿದ್ದ ಕೂಡಲೇ ಬೇರೆಯಾಗುತ್ತದೆ. ಚೆಂಡು ಕೂತ ಜಾಗಕ್ಕೆ ಆಟ ಒಂದು ಶೇಕಡಾವಾರು ತೋರಿಸುತ್ತದಲ್ಲ, ಉದಾಹರಣೆಗೆ 20ರಿಂದ 25. ನಡುವಿನ ಅಂಕಿ ಹಿಡಿದರೆ ಬಲದ ಸುಮಾರು ಶೇ. 22.5 ನಷ್ಟ. ಅಲ್ಲಿಂದ 150 ಗಜ ಹೊಡೆಯಬೇಕೆಂದರೆ 150 ಅನ್ನು 0.775ರಿಂದ ಭಾಗಿಸಿ. 193 ಚಿಲ್ಲರೆ ಬರುತ್ತದೆ. ಅಂದರೆ ಫೇರ್‌ವೇಯಲ್ಲಿ 8-ಐರನ್ ಹಿಡಿಯುವ ದೂರಕ್ಕೆ ರಫ್‌ನಲ್ಲಿ 200ರ ಹೈಬ್ರಿಡ್ ಬೇಕು. ಉದ್ದದ ಕ್ಲಬ್‌ಗಳನ್ನು ತೀರಾ ಖಾಲಿ ಮಾಡಬೇಡಿ ಎನ್ನುವುದು ಇದಕ್ಕೇ. ನೀವು ಆಗಾಗ ಫೇರ್‌ವೇ ತಪ್ಪಿಸುವವರಾದರೆ 200 ಮತ್ತು 190 ಎರಡೂ ಇರಲಿ. ಹತ್ತರಲ್ಲಿ ಎಂಟು ಸಲ ಫೇರ್‌ವೇಯಲ್ಲೇ ಬೀಳುತ್ತದೆ ಎಂದಾದರೆ 190 ಬಿಡಬಹುದು, 200ರ ಶೇ. 95 ಅಂದರೆ ಅದೇ 190 ತಾನೆ. ಬಂಕರ್‌ನಲ್ಲಿ ಮಾತ್ರ ಈ ಲೆಕ್ಕ ಕುರುಡಾಗಿ ಹಾಕಬೇಡಿ. ಎದುರಿನ ಗೋಡೆ ಎತ್ತರವಿದ್ದರೆ ಹೈಬ್ರಿಡ್ ಅದನ್ನು ದಾಟದೆ ಚೆಂಡು ಮತ್ತೆ ಮರಳಿಗೇ ಬೀಳುತ್ತದೆ. ಅಲ್ಲಿ ದೂರ ಮರೆತು ವೆಜ್ ಹಿಡಿದು ಹೊರಗೆ ಬರುವುದೇ ಸರಿ.

ವೆಜ್‌ಗಳ ಬಗ್ಗೆ ಇನ್ನೊಂದು ಮಾತು, ಇದನ್ನು ಗಮನಿಸಿದವರು ಕಡಿಮೆ. ಮೀಟರ್ ಮೇಲೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂಬ ಗುರುತುಗಳಿವೆ. ಗುರುತಿನ ಮೇಲೆ ನಿಲ್ಲಿಸುವುದು ಸುಲಭ, ಗುರುತುಗಳ ನಡುವೆ ಅಂದಾಜಿಗೆ ನಿಲ್ಲಿಸುವುದು ಕಷ್ಟ. ಹಾಗಾದರೆ ನಿಮ್ಮ ವೆಜ್‌ಗಳ ಗುರುತುಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. 60ರ ವೆಜ್: 15, 30, 45, 60. 80ರದ್ದು: 20, 40, 60, 80. 100ರದ್ದು: 25, 50, 75, 100. ಮೂರೂ ಸೇರಿದರೆ 15ರಿಂದ 50ರವರೆಗೆ ಏಳು ಗುರುತು ಸಿಕ್ಕಿದವು, 60ಕ್ಕೆ ಎರಡು ದಾರಿ ಸಿಕ್ಕಿತು. ಪಿನ್ (ಕುಳಿಯ ಬಾವುಟ) ಬಂಕರಿನ ಹಿಂದೆ ಒತ್ತಿಕೊಂಡಿದ್ದರೆ 60ರ ವೆಜ್ ಪೂರ್ತಿ ಹೊಡೆಯಿರಿ, ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಪಿನ್ ಗ್ರೀನ್‌ನ ಹಿಂಭಾಗದಲ್ಲಿದ್ದರೆ 80ರದ್ದನ್ನು ಮುಕ್ಕಾಲಿಗೆ ನಿಲ್ಲಿಸಿ, ಸ್ವಲ್ಪ ಉರುಳಿ ಹೋಗಿ ಸೇರಲಿ. ಆದರೆ ಇದೇ ಕಾಗದ ನಿಮ್ಮ ಬ್ಯಾಗಿನ ದೊಡ್ಡ ತೂತನ್ನೂ ತೋರಿಸುತ್ತದೆ. 100ರಿಂದ 125ರ ನಡುವೆ ಒಂದು ಗುರುತೂ ಇಲ್ಲ. ಡ್ರೈವರ್ ಹೊಡೆದ ಮೇಲೆ ಪಾರ್-4ರಲ್ಲಿ (ನಾಲ್ಕು ಹೊಡೆತ ನಿಗದಿಯಾದ ಹೋಲ್) ಎಷ್ಟು ಸಲ 110 ಉಳಿದಿದೆ, ನೆನಪು ಮಾಡಿಕೊಳ್ಳಿ.

ಡ್ರೈವರ್ ಕೊಳ್ಳುವ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಸಾಮಾನ್ಯವಾಗಿ 18 ಹೋಲ್‌ಗಳಲ್ಲಿ ನಾಲ್ಕು ಪಾರ್-3 ಇರುತ್ತವೆ, ಹಾಗಾಗಿ ಡ್ರೈವರ್ ಕೆಲಸ ಹೆಚ್ಚೆಂದರೆ 14 ಸಲ. ಪಾರ್ ಲೆಕ್ಕವೇ ಪ್ರತಿ ಹೋಲ್‌ಗೆ ಎರಡು ಪಟ್ ಎಂದು ಹಾಕಿದ್ದು, ಅಂದರೆ ಪಟರ್‌ಗೆ 36. ಇನ್ನು ಚೆಂಡು ಪ್ರತಿ ಹೊಡೆತದಲ್ಲೂ ಇರುತ್ತದೆ. ಈ ಆಟದಲ್ಲಿ ಮೀಟರ್ ಎಷ್ಟು ನಿಧಾನ ಓಡುತ್ತದೆ ಎಂಬುದು ಚೆಂಡಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡಿ. ಮೀಟರ್ ನಿಧಾನವಾದರೆ ಮೇಲೆ ಹೇಳಿದ ಶೇ. 2ರ ತಪ್ಪು ಎಲ್ಲ ಕ್ಲಬ್‌ಗಳಲ್ಲೂ ಒಟ್ಟಿಗೆ ಇಳಿಯುತ್ತದೆ. ನನ್ನನ್ನು ಕೇಳಿದರೆ ಕ್ರೆಡಿಟ್ ಖರ್ಚು ಮಾಡುವ ಕ್ರಮ ಹೀಗಿರಬೇಕು: ಮೊದಲು ಚೆಂಡು, ಆಮೇಲೆ ಪಟರ್, ಆಮೇಲೆ ವೆಜ್, ಕೊನೆಗೆ ಡ್ರೈವರ್. ಪಟರ್ ಕೊಳ್ಳುವಾಗ ಪ್ರಿಸಿಷನ್ ಒಂದನ್ನೇ ನೋಡಬೇಡಿ, ಅದರಲ್ಲಿ ಎಷ್ಟೆಷ್ಟು ಅಡಿಯ ಅಳತೆಗಳಿವೆ ಎಂಬುದನ್ನೂ ನೋಡಿ. 8 ಅಡಿಯ ಪಟ್‌ಗೆ 50 ಅಡಿಯ ಅಳತೆ ಹಿಡಿದು ಹೊಡೆಯುವುದು, ಪಿಚಿಂಗ್ ವೆಜ್‌ನಿಂದ 20 ಗಜ ಹೊಡೆದ ಹಾಗೆಯೇ.

ಡ್ರೈವರ್ ಎಂದೂ ಬೇಡ ಎಂದು ಹೇಳುತ್ತಿಲ್ಲ. ದರ್ಜೆ ಏರಿದಂತೆ ಆಟ ನಿಮ್ಮನ್ನು ಹಿಂದಿನ ಟೀಗೆ, ಅಂದರೆ ಇನ್ನೂ ದೂರದ ಆರಂಭದ ಜಾಗಕ್ಕೆ, ತಳ್ಳುತ್ತದೆ. ಮಾಸ್ಟರ್ ಮಟ್ಟದಿಂದ ಮೇಲೆ ಬೆತ್‌ಪೇಜ್ ಬ್ಲ್ಯಾಕ್‌ನಂಥ 7,400 ಗಜ ದಾಟುವ ಮೈದಾನದಲ್ಲಿ 240 ಗಜ ಸಾಲದು. ಆಗ ಕೊಳ್ಳಿ. ಆದರೆ ಒಂದು ಪರಿಣಾಮ ಗಮನದಲ್ಲಿರಲಿ: 260ರ ಡ್ರೈವರ್ ಬಂದರೆ ಅದಕ್ಕೂ 3-ವುಡ್‌ಗೂ ಅಂತರ 45 ಗಜ ಆಗುತ್ತದೆ. ಟೀ ಮೇಲೆ ಅದು ತೊಂದರೆಯಲ್ಲ. ಪಾರ್-5ರಲ್ಲಿ ಎರಡನೇ ಹೊಡೆತ 235 ಉಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಹೊಸ ಡ್ರೈವರ್ ಬಂದ ಮೇಲೆ 3-ವುಡ್ ಕೂಡ ಬದಲಾಗಬೇಕಾಗುತ್ತದೆ, ಅಂದರೆ ಖರ್ಚು ಒಂದಲ್ಲ, ಎರಡು. ಫಿಲ್ ಮಿಕಲ್ಸನ್ 2006ರಲ್ಲಿ ಎರಡು ಡ್ರೈವರ್ ಹೊತ್ತು ಮಾಸ್ಟರ್ಸ್ ಗೆದ್ದರು. ಅದೇ ಮನುಷ್ಯ 2013ರಲ್ಲಿ ಮುಯರ್‌ಫೀಲ್ಡ್‌ನಲ್ಲಿ ಒಂದೂ ಡ್ರೈವರ್ ಇಲ್ಲದೆ ಬ್ರಿಟಿಷ್ ಓಪನ್ ಗೆದ್ದರು. ಒಣಗಿ ಗಟ್ಟಿಯಾದ ಆ ನೆಲದಲ್ಲಿ 3-ವುಡ್ಡೇ ಬೇಕಾದಷ್ಟು ಉರುಳುತ್ತಿತ್ತು.

ಉದ್ದ ಹೊಡೆಯಲಾರದವರು ಕ್ಲಬ್ ಆಯ್ಕೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ರೇಂಜಿನಲ್ಲಿ ಐದು ವರ್ಷದ ಮಗುವಾಗಿದ್ದಾಗ ಮೊದಲ ಸಲ ಕ್ಲಬ್ ಹಿಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಟೀಯಿಂದ ಹೊಡೆಯುವ ದೂರದಲ್ಲಿ ಅವರು ಪಟ್ಟಿಯ ಕೆಳಭಾಗದಲ್ಲಿದ್ದರು. ಚಿನ್ನ ಗೆದ್ದ ನೆಲ್ಲಿ ಕೊರ್ಡಾ ಸಣ್ಣ ಐರನ್ ಹಿಡಿಯುವ ಕಡೆ ಅದಿತಿ ಹೈಬ್ರಿಡ್ಡೋ ಫೇರ್‌ವೇ ವುಡ್ಡೋ ಹಿಡಿಯಬೇಕಿತ್ತು. ಆದರೂ ಪಟರ್ ಬಲದಿಂದ 4ನೇ ಸ್ಥಾನಕ್ಕೆ ಬಂದರು, ಬೆಳ್ಳಿಯ ಪೈಪೋಟಿಗೆ ಒಂದೇ ಹೊಡೆತ ಕಡಿಮೆ. ಬೆಳಗಿನ ಜಾವ ಟಿವಿ ಮುಂದೆ ಕೂತು ಗಾಲ್ಫ್ ನಿಯಮ ಕಲಿತ ಕನ್ನಡಿಗರು ಎಷ್ಟೋ ಮಂದಿ, ನೀವೂ ಅವರಲ್ಲಿ ಒಬ್ಬರಿರಬಹುದು. ಅವರ ಆ ನಾಲ್ಕು ದಿನದ ಆಟವನ್ನು ಮತ್ತೆ ನೋಡುವ ಅವಕಾಶ ಸಿಕ್ಕರೆ ಎರಡನೇ ಹೊಡೆತಗಳನ್ನೇ ಗಮನಿಸಿ.

ಮೈದಾನಕ್ಕೆ ತಕ್ಕ ಬ್ಯಾಗ್ ಎಂಬ ಮಾತಿಗೆ ಬರುತ್ತೇನೆ. ಈ ಆಟದ ಒಂದು ದೊಡ್ಡ ಗುಣವೆಂದರೆ ಮೈದಾನಗಳು ಕಲ್ಪನೆಯವಲ್ಲ, ನಿಜ ಮೈದಾನಗಳ ಸಾವಿರಾರು ಫೋಟೊ ತೆಗೆದು ಕಟ್ಟಿದವು. ಹಾಗಾಗಿ ನಿಜ ಮೈದಾನದ ಅಳತೆ ಗೊತ್ತಿದ್ದವರಿಗೆ ಲಾಭವಿದೆ, ನಿಮ್ಮ ದರ್ಜೆಯ ಟೀ ಮುಂದಿದ್ದರೆ ಅಷ್ಟನ್ನು ಕಳೆದುಕೊಂಡರಾಯಿತು. ಹೋಗನ್ ಗೆದ್ದ ಮೆರಿಯನ್‌ನಲ್ಲಿ 2013ರಲ್ಲಿ ಮತ್ತೆ ಅಮೆರಿಕನ್ ಓಪನ್ ನಡೆಯಿತು. ಒಟ್ಟು ಉದ್ದ 6,996 ಗಜ, ಇವತ್ತಿನ ಕಾಲಕ್ಕೆ ಚಿಕ್ಕದು. ಆದರೆ ಅದರ ಪಾರ್-3ಗಳನ್ನು ನೋಡಿ: 3ನೆಯದು 256, 9ನೆಯದು 236, 17ನೆಯದು 246, 13ನೆಯದು ಮಾತ್ರ 115. ಅಲ್ಲಿ ಪಾರ್-3ಕ್ಕೆ 160–180ರ ಐರನ್‌ಗಳಿಗೆ ಕೆಲಸವೇ ಇಲ್ಲ. 5-ವುಡ್ ಅಲ್ಲಿ ಬ್ಯಾಗಿಗೆ ಮರಳಬಹುದು, 6 ಅಥವಾ 7-ಐರನ್ ಹೊರಗೆ ಕೂರಬಹುದು. ಓಕ್‌ಮಾಂಟ್‌ನ 8ನೇ ಹೋಲ್ ಪಾರ್-3, 2007ರ ಅಮೆರಿಕನ್ ಓಪನ್‌ನಲ್ಲಿ ಅದರ ಅಳತೆ 288 ಗಜ. ನಿಮ್ಮ ಡ್ರೈವರ್ ಕೂಡ ಅಲ್ಲಿಗೆ ಮುಟ್ಟುವುದಿಲ್ಲ! ಇತ್ತ ಪೆಬಲ್ ಬೀಚ್‌ನ 7ನೆಯದು 106 ಗಜ, ಅದೂ ಸಮುದ್ರದ ಕಡೆಗೆ ಇಳಿಜಾರು. ಮೂರು ಅಡಿ ಇಳಿತಕ್ಕೆ ಒಂದು ಗಜ ಕಳೆಯುವ ಲೆಕ್ಕ ಹಾಕಿದರೆ ನಿಮ್ಮ 100ರ ವೆಜ್ ಸರಿಹೊಂದುತ್ತದೆ, ಎದುರುಗಾಳಿ ಬೀಸಿದರೆ ಅದೇ ಹೋಲ್‌ಗೆ 8-ಐರನ್ ಪಂಚ್ ಕೂಡ ಸಣ್ಣದೆನಿಸುತ್ತದೆ. ಕ್ಲೋಸೆಸ್ಟ್ ಟು ದ ಹೋಲ್ (ಕುಳಿಗೆ ಅತಿ ಹತ್ತಿರ ಯಾರ ಚೆಂಡು) ಸ್ಪರ್ಧೆಗಳಲ್ಲಿ ಬರೀ ಪಾರ್-3ಗಳಾದ್ದರಿಂದ ಅಲ್ಲಿ ಡ್ರೈವರ್ ಸುಮ್ಮನೆ ಭಾರ. ಅದನ್ನು ತೆಗೆದು ಇನ್ನೊಂದು ವೆಜ್ ಹಾಕಿಕೊಂಡು ಹೋಗಿ.

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದ ಮಾಹಿತಿ ನಿಮ್ಮ ಆಟದಲ್ಲೇ ಇದೆ. ಮುಂದಿನ ಕೆಲವು ಸುತ್ತು ಆಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ಹೊಡೆತಕ್ಕೂ ಕ್ಲಬ್, ದೂರ, ಹುಲ್ಲೋ ಮರಳೋ ಎಂಬುದನ್ನು ಬರೆಯಿರಿ. ಪಟ್‌ಗಳನ್ನು ಬಿಟ್ಟರೂ ಪರವಾಗಿಲ್ಲ. ಕೊನೆಗೆ ಎರಡು ವಿಷಯ ಹುಡುಕಿ. ಹಲವು ಸುತ್ತು ಆದರೂ ಒಮ್ಮೆಯೂ ಕೈಗೆ ಬರದ ಕ್ಲಬ್ ಯಾವುದು? ಎರಡು ಕ್ಲಬ್‌ಗಳ ನಡುವಿನ ದೂರ ಉಳಿದು ಪದೇ ಪದೇ ತಡವರಿಸಿದ್ದು ಎಲ್ಲಿ? ಮೊದಲನೆಯದನ್ನು ತೆಗೆದು ಎರಡನೆಯದರ ಜಾಗ ತುಂಬಿ. ನಿಮ್ಮ ಗೆಳೆಯರ ಬ್ಯಾಗ್ ನೋಡಿ ನಕಲು ಮಾಡುವುದು ಬೇಡ, ಅವರ ಡ್ರೈವರ್ 10 ಗಜ ಹೆಚ್ಚು ಹೋದರೂ ಅವರಿಗೆ ಉಳಿಯುವ ದೂರಗಳೆಲ್ಲ ಬೇರೆಯಾಗುತ್ತವೆ.

ಇನ್ನು ಸೇಂಟ್ ಆಂಡ್ರೂಸ್. ಓಲ್ಡ್ ಕೋರ್ಸ್‌ನ ರಚನೆಯೇ ವಿಚಿತ್ರ. ಪಾರ್-3 ಎರಡೇ, 8 ಮತ್ತು 11. ಪಾರ್-5 ಕೂಡ ಎರಡೇ, 5 ಮತ್ತು 14. ಉಳಿದ 14 ಹೋಲ್‌ಗಳೂ ಪಾರ್-4. ಅವುಗಳಲ್ಲಿ ಮೂರು ಬ್ರಿಟಿಷ್ ಓಪನ್‌ನ ಟೀಯಿಂದಲೂ ಚಿಕ್ಕವು: 9ನೆಯದು ಸುಮಾರು 352 ಗಜ, 12ನೆಯದು 348, 18ನೆಯದು 357. ನಿಮ್ಮ 240ರ ಡ್ರೈವರ್ ಕಳೆಯಿರಿ. ಉಳಿಯುವುದು 112, 108, 117. ಮೂರೂ ನಿಮ್ಮ ಬ್ಯಾಗಿನ ಆ ತೂತಿಗೇ, 100 ಮತ್ತು 125ರ ನಡುವಿಗೇ, ಬಂದು ಬೀಳುತ್ತವೆ. ಬರ್ಡಿ ಮಾಡಿಕೊಳ್ಳಬೇಕಾದ ಹೋಲ್‌ಗಳೇ ಇವು. 18ರಲ್ಲಂತೂ ಗ್ರೀನ್‌ನ ಮುಂದೆ ವ್ಯಾಲಿ ಆಫ್ ಸಿನ್ ಎಂಬ ತಗ್ಗು ಇದೆ, ಸ್ವಲ್ಪ ಕಡಿಮೆಯಾದರೂ ಚೆಂಡು ಹಿಂದಕ್ಕೆ ಉರುಳಿ ಅದರೊಳಗೆ ಇಳಿಯುತ್ತದೆ.

ಡ್ರೈವರ್‌ಗೆಂದು ಕೂಡಿಟ್ಟ ಕ್ರೆಡಿಟ್‌ನಲ್ಲಿ 112ರ ಆಸುಪಾಸಿನ ಒಂದು ವೆಜ್ ಕೊಳ್ಳಿ, ಬಾಡಿಗೆಗೆ ಸಿಕ್ಕರೆ ಮೊದಲು ಬಾಡಿಗೆಗೆ ತೆಗೆದುಕೊಂಡು ನೋಡಿ. ಅದಕ್ಕೆ ಜಾಗ ಮಾಡಲು 4-ಹೈಬ್ರಿಡ್ ತೆಗೆಯಿರಿ. ಹೊಸ ವೆಜ್‌ನ ಗುರುತುಗಳು 28, 56, 84, 112ರಲ್ಲಿ ಬೀಳುತ್ತವೆ, ಹಳೆಯ ಮೂರರ ಯಾವ ಗುರುತಿಗೂ ಡಿಕ್ಕಿಯಾಗುವುದಿಲ್ಲ. ಕೊಳ್ಳುವುದು ಈಗ ಆಗದಿದ್ದರೆ ಆ ಮೂರು ಹೋಲ್‌ಗಳಲ್ಲಿ ಟೀಯಿಂದ 3-ವುಡ್ ಹಿಡಿಯಿರಿ. ಉಳಿಯುವುದು 137, 133, 142, ಎಲ್ಲವೂ ನಿಮ್ಮ 9-ಐರನ್‌ನ ಪೂರ್ತಿ ಹೊಡೆತದ ಸುತ್ತಮುತ್ತ. ನೆಲ ಗಟ್ಟಿಯಾದ್ದರಿಂದ ಟೀ ಹೊಡೆತ ಉರುಳುವ ಗಜಗಳನ್ನು ಮಾತ್ರ ಅಭ್ಯಾಸದ ಸುತ್ತಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

60ರ ವೆಜ್ ಅನ್ನು ಅಲ್ಲಿ ಯಾವ ಕಾರಣಕ್ಕೂ ಬಿಡಬೇಡಿ. ಆ ಮೈದಾನದಲ್ಲಿ 112 ಬಂಕರ್‌ಗಳಿವೆ, ಎಷ್ಟೋ ಗೋಡೆಯಂತೆ ಕಡಿದು ನಿಂತವು. 14ರ ಹೆಲ್ ಬಂಕರ್, 17ರ ರೋಡ್ ಬಂಕರ್, 11ರ ಗ್ರೀನ್ ಮುಂದಿನ ಸ್ಟ್ರಾತ್ ಬಂಕರ್ ಇವುಗಳಿಂದ 80ರ ವೆಜ್‌ನಲ್ಲಿ ಹೊರಬರುವುದು ಕಷ್ಟ. ಪಟರ್ ಬಗ್ಗೆಯೂ ಒಂದು ಮಾತು. 14 ಹೋಲ್‌ಗಳು ಏಳು ದೊಡ್ಡ ಗ್ರೀನ್‌ಗಳನ್ನು ಜೋಡಿಯಾಗಿ ಹಂಚಿಕೊಂಡಿವೆ, 2ಕ್ಕೆ 16, 3ಕ್ಕೆ 15 ಹೀಗೆ ಪ್ರತಿ ಜೋಡಿಯನ್ನು ಕೂಡಿದರೆ 18 ಬರುವಂತೆ. ಗ್ರೀನ್ ಮುಟ್ಟಿದ ಮೇಲೂ 100 ಅಡಿ ಪಟ್ ಉಳಿಯಬಹುದು. ನಿಮ್ಮ ಪಟರ್‌ನ ಅತಿ ಉದ್ದದ ಅಳತೆ ಎಷ್ಟು ಎಂದು ಪಂದ್ಯಕ್ಕೆ ಮುಂಚೆ ನೋಡಿಕೊಳ್ಳಿ. ಅದು 100 ಅಡಿಗಿಂತ ಕಡಿಮೆಯಿದ್ದರೆ ಅಂಥ ಕಡೆ 9-ಐರನ್‌ನಿಂದ ಚಿಪ್ ಮಾಡುವುದನ್ನು ಈ ವಾರವೇ ನಾಲ್ಕಾರು ಸಲ ಅಭ್ಯಾಸ ಮಾಡಿಟ್ಟುಕೊಳ್ಳಿ.